ಹುಣಸಿಗಿಡದ ಬುಡಕ್ಕ ನಿಂತ ಲಾರಿ: ಗುಜರಿಗೆ ಕೊಡೋದೋ, ಇಟ್ಕೊಳ್ಳೋದೋ?

ಅಣ್ಣಿಗೇರಿ ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಹಿತ್ತಲದಾಗ ಹುಣಸಿಗಿಡದ ಬುಡಕ್ಕ ನಮ್ಮಪ್ಪಾರ ಲಾರಿ ನಿಂತು ಹನ್ನೊಂದು ವರ್ಷ ಆತು. 1972ರ ಬೆಂಝ್. ಮುಂದಿನ ಜಾಳಿಗಿ ಮ್ಯಾಲ ಮೂರು ಮೂಲಿ ನಕ್ಷತ್ರ ಇನ್ನೂ ಹಂಗ ಐತಿ. ಟಾಯರ್ ಅರ್ಧ ಮಣ್ಣಾಗ ಹೂತಾವ, ಕ್ಯಾಬಿನ್ನಿನಾಗ ಅವ್ವನ ಕೋಳಿ ತತ್ತಿ ಇಡ್ತಾವ.

ಹೋದ ವಾರ ಹುಬ್ಬಳ್ಳಿಯಿಂದ ಗುಜರಿಯಾಂವ ಬಂದು ಕಿಲೋ ಲೆಕ್ಕದಾಗ ರೇಟ್ ಹೇಳಿ ಹೋಗ್ಯಾನ. ಅಣ್ಣ ಕೊಟ್ಟಬಿಡು ಅಂತಾನ, ಆ ಜಾಗಾದಾಗ ಟ್ರ್ಯಾಕ್ಟರಿಗೆ ಶೆಡ್ ಹಾಕಬೇಕಂತ. ನನಗ ಮನಸ್ಸಿಲ್ಲ. ಸಣ್ಣಾಂವ ಇದ್ದಾಗ ಸೂಟಿಯೊಳಗ ಅಪ್ಪಾರ ಜೋಡಿ ಬ್ಯಾಡಗಿ ಮೆಣಸಿನಕಾಯಿ ಲೋಡಿನಾಗ ಮುಂಬೈ ತನಕ ಹೋಗೀನಿ. ಎಂಜಿನ್ ಡಬ್ಬಾದ ಮ್ಯಾಲ ಕೌದಿ ಹಾಸಿ ಮಲಗಿದ್ರ ಇಡೀ ಮೈ ಗುಂಯ್ ಅಂತಿತ್ತು. ಸಾತಾರಾ ದಾಟಿ ಖಂಬಾಟ್ಕಿ ಘಾಟ್ ಹತ್ತೋ ಮುಂದ ಆ ಎಂಜಿನ್ ಸಪ್ಪಳ ಈಗೂ ಕಿವ್ಯಾಗ ಐತಿ.

ಈಗಿನ ಲಾರಿ ಏಸಿ, ಪವರ್ ಸ್ಟೇರಿಂಗ್, ಕಾರಿನಂಗ. ಅದರಾಗ ಏನ್ ಮಜಾ? ಹಳೇ ಲಾರಿ ಹೊಡದಾಂವನ ಖರೇ ಡ್ರೈವರ್ ಅಂತ ನನ್ನ ವಾದ. ಇದನ್ನ ರಿಪೇರಿ ಮಾಡಿಸಿ ಇಟ್ಕೊಬೇಕಂತ ಮಾಡೀನಿ. ನೀವೇನಂತೀರಿ?

ಗೋಕುಲ ರೋಡ್ ಫಿಟ್ಟರ್
ಇಡ್ರಿ, ಮಾರ್ರಿ, ಅದು ಆಮ್ಯಾಲಿನ ಮಾತು. ಮೊದಲ ಒಂದ ತಪ್ಪ ತಿದ್ದತೀನಿ. 1972ರಾಗ ಬೆಂಝ್ ಎಲ್ಲಿಂದ ಬಂತ್ರಿ? ಟಾಟಾದ ಟೆಲ್ಕೊ ಕಂಪನಿಯವರು ಜರ್ಮನಿಯ ಡೈಮ್ಲರ್-ಬೆಂಝ್ ಜೋಡಿ ಕೂಡಿ ಲಾರಿ ಮಾಡಾಕ ಹತ್ತಿದ್ದು 1954ರಾಗ. ಒಪ್ಪಂದ ಮುಗದದ್ದು 1969ರಾಗ. ಅಲ್ಲಿಂದ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ನಮ್ಮ ಮಂದಿ ಮಾತ್ರ ಆಮ್ಯಾಲೂ ಎಷ್ಟೋ ವರ್ಷ ಬೆಂಝ್ ಅಂತನ ಕರದ್ರು. ನಿಮ್ಮ ಗಾಡಿ 1972ರದ ಆದ್ರ ಆ ನಕ್ಷತ್ರ ಕಂಪನಿದಲ್ಲ. ನಕ್ಷತ್ರ ಕಂಪನಿದ ಆದ್ರ ಇಸವಿ 1972 ಅಲ್ಲ. ಆರ್‌ಸಿ ಬುಕ್ ತಗದ ನೋಡ್ರಿ.

ಬ್ಯಾಡಗಿ ಕಡ್ಡಿ
ಫಿಟ್ಟರ್ ಅಣ್ಣಾರು ಮದುವಿ ಊಟಕ್ಕ ಕುಂತಾಗ ಜಾತಕ ಕೇಳಾಕ ಹತ್ಯಾರ.

ಹುಡುಗಾ, ಮಾರಬ್ಯಾಡ. ನಮ್ಮ ಮನಿಯೊಳಗೂ ಎರಡ ಲಾರಿ ಇದ್ವು. ಆ ಗಾಡಿ ಅಂದ್ರ ಪಾನಾ, ಪಕ್ಕಡ, ತಂತಿ, ಇಷ್ಟಿದ್ರ ಎಲ್ಲಿ ನಿಂತರೂ ಎಬ್ಬಿಸಬಹುದಿತ್ತು. ಡೀಸೆಲ್ ಟ್ಯಾಂಕ್ ಸೋರಿದ್ರ ಬಟ್ಟಿ ಸಬಕಾರ ತಿಕ್ಕಿ ಮುಂದಿನ ಊರು ಮುಟ್ಟತಿದ್ವಿ. ಬ್ಯಾಟರಿ ಕುಂತರ ಇಳಿಜಾರಿನಾಗ ಬಿಟ್ಟು ಎರಡನೇ ಗೇರಿಗೆ ಹಾಕಿದ್ರ ಆತು, ಚಾಲೂ. ಒಮ್ಮೆ ಚಾಲೂ ಆತಂದ್ರ ಬ್ಯಾಟರಿ ಬಿಚ್ಚಿ ಒಗದ್ರೂ ಓಡತಿತ್ತು. ಬಂದ್ ಮಾಡಾಕ ಸ್ಟಾಪ್ ಗುಂಡಿ ಜಗ್ಗಬೇಕು. ಈಗಿನವು? ಒಂದು ಸೆನ್ಸರ್ ಮುನಿಸ್ಕೊಂಡ್ರ ಇಪ್ಪತ್ತು ಲಕ್ಷದ ಗಾಡಿ ರೋಡಿನ ಬಾಜೂಕ ಕುಂದರ್ತೈತಿ, ಲ್ಯಾಪ್‌ಟಾಪ್ ತಗೊಂಡು ಹುಡುಗ ಬರೂತನಕ.

ತಾರಿಹಾಳ ಟ್ರೇಲರ್
ಕಡ್ಡಿ ಅಣ್ಣ ಹೇಳಿದ್ದು ಖರೆ. ನಂದು ಬಿಎಸ್-6, ಹೊಗಿ ಕಡಿಮಿ ಮಾಡೋ ಹೊಸಾ ನಿಯಮದ ಗಾಡಿ. ಹೊಗಿ ಸ್ವಚ್ಛ ಮಾಡಾಕ ಯೂರಿಯಾ ನೀರು ಹಾಕಬೇಕು. ಹೋದ ಮಳಿಗಾಲದಾಗ ಯೂರಿಯಾ ಟ್ಯಾಂಕ್ ತುಂಬಿದ್ರೂ ಖಾಲಿ ಅಂತ ಲೈಟ್ ಹತ್ತಿ, ಗಾಡಿ ಎತ್ತಿನಗಾಡಿ ಹಂಗ ಆತು. ಚಿತ್ರದುರ್ಗದ ಈಚೆ ಒಂದೂವರೆ ದಿನ ಬಿದ್ದಿದ್ದೆ.

ಆದರ ಒಂದ ಮಾತು. ಆ ಒಂದೂವರೆ ದಿನ ನಾ ಏಸಿಯಾಗ ಮಲಗಿದ್ದೆ.

ಹಾವೇರಿ ಹಳೇ ಸ್ಟ್ಯಾಂಡ್
ಏನ್ರಿ, ಎಲ್ಲಾ ಟಾಟಾದವರ ಅದೀರಲ್ಲ. ಲೇಲ್ಯಾಂಡ್ ಕಾಮೆಟ್ ಮರತೇ ಬಿಟ್ರಿ? ಫಾರ್ಗೊ, ಡಾಡ್ಜ್ ಕುರ್ಲಾದ ಪ್ರೀಮಿಯರ್ ಕಾರ್ಖಾನಿಯಿಂದ ಬರ್ತಿದ್ವು. ಬೆಡ್‌ಫರ್ಡ್ ಹಿಂದುಸ್ತಾನ್ ಮೋಟರ್ಸ್‌ನವರದು. ನಮ್ಮ ಊರಾಗ ಫಾರ್ಗೊ ಅಂದ್ರ ಜ್ವಾಳದ ಚೀಲಕ್ಕಿಂತ ಮದುವಿ ದಿಬ್ಬಣ ಹೊತ್ತದ್ದ ಜಾಸ್ತಿ. ನಾನೂ ಒಂದ ದಿಬ್ಬಣದಾಗ ಹಿಂದ ನಿಂತು ರಾಣೆಬೆನ್ನೂರಿಗೆ ಹೋದಾಂವ, ಹೊಸಾ ಅಂಗಿ ತುಂಬ ಧೂಳ.

ಎಡಗಾಲು
ತಮ್ಮಾ ಅಣ್ಣಿಗೇರಿ, ನಾ ಮೂವತ್ತೊಂದು ವರ್ಷ ಲಾರಿ ಹೊಡದಾಂವ. ಒಂದೂ ನನ್ನ ಸ್ವಂತದ್ದಲ್ಲ. ಇಲ್ಲೆ 'ಎಡಗಾಲು' ಅಂತ ಯಾಕ ಹೆಸರ ಇಟ್ಕೊಂಡೀನಿ, ಹೇಳ್ತೀನಿ.

ಎಂಜಿನ್ ನಮ್ಮ ಎಡಕ್ಕ, ಕ್ಯಾಬಿನ್ ಒಳಗ. ತಗಡಿನ ಡಬ್ಬಾ, ಅದರ ಮ್ಯಾಲ ಗೋಣಿತಟ್ಟು. ನೀ ಕೌದಿ ಹಾಸಿ ಮಲಗಿದ್ದು ಅಲ್ಲೇ. ಬ್ಯಾಸಗಿಯಾಗ ಆ ಡಬ್ಬಾ ಹಂಚಿನಂಗ ಕಾಯ್ತಿತ್ತು. ನನ್ನ ಎಡಗಾಲಿನ ಮೊಣಕಾಲ ಕೆಳಗ ಒಂದ ಕೂದಲ ಇದ್ದಿಲ್ಲ, ಸುಟ್ಟು ಸುಟ್ಟು ನುಣ್ಣಗ ಆಗಿತ್ತು. ಬಲಗೈ ಕಿಡಕಿ ಕಡೆ, ಬಿಸಿಲಿಗೆ ತೋಳಿನ ತನಕ ಕರ್ರಗ. ಆಸ್ಪತ್ರಿಯಾಗ ಡಾಕ್ಟರ್ ನನ್ನ ನೋಡಿದ ಕೂಡಲೇ 'ಡ್ರೈವರ್ ಏನ್ರಿ' ಅಂತ ಕೇಳಿದ್ರು.

ಇನ್ನ ಕ್ಲಚ್. ನೀವು ಮಜಾ ಅಂತೀರಲ್ಲ, ಡಬಲ್ ಕ್ಲಚ್ ಅಂದ್ರ ಏನಂತ ಗೊತ್ತೈತೇನು? ಗೇರ್ ಇಳಸಬೇಕಂದ್ರ ಕ್ಲಚ್ ಒತ್ತು, ನ್ಯೂಟ್ರಲ್ಲಿಗೆ ತಾ. ಕ್ಲಚ್ ಬಿಡು. ಎಕ್ಸಲೇಟರ್ ಒಂದ ಸಲ ಗುಮ್ಮು, ಎಂಜಿನ್ ಏರಲಿ. ಮತ್ತ ಕ್ಲಚ್ ಒತ್ತು, ಆಗ ಕೆಳಗಿನ ಗೇರಿಗೆ ತಳ್ಳು. ಎಂಜಿನ್ ಏರಿದ್ದು ಗಾಡಿ ಓಟಕ್ಕ ಸರೀಗೆ ಕೂಡಿದ್ರ ದಾಂಡಿ ಬೆಣ್ಣಿಯಾಗ ಹೋದಂಗ ಹೋಗ್ತೈತಿ. ಕೂಡಲಿಲ್ಲಂದ್ರ ಕರ್ರ್ ಅಂತ ಅಂಗೈಗೆ ಒದಿತೈತಿ. ಹುಬ್ಬಳ್ಳಿಯಿಂದ ಕಾರವಾರಕ್ಕ ಒಂದ ಟ್ರಿಪ್ಪಿಗೆ ಇದನ್ನ ಎಷ್ಟ ಸಲ ಮಾಡಬೇಕು, ನೀವ ಲೆಕ್ಕಾ ಹಾಕ್ರಿ. ಈಗ ನನಗ ಮೆಟ್ಟಿಲ ಇಳಿಯೋ ಮುಂದ ಎಡಗಾಲ ಮೊದಲ ಇಡಾಕ ಆಗೂದಿಲ್ಲ.

ಒಂದ ರಾತ್ರಿ ಹೇಳ್ತೀನಿ. ಯಲ್ಲಾಪುರದ ಆಚೆ ಅರಬೈಲ್ ಘಾಟ್, ಅಂಕೋಲಾ ಕಡೆಯಿಂದ ಮ್ಯಾಲ ಬರಾಕ ಹತ್ತಿದ್ವಿ. ಜಿಟಿಜಿಟಿ ಮಳಿ. ತಿರುವಿನಾಗ ಎರಡರಿಂದ ಒಂದಕ್ಕ ಇಳಸಬೇಕು. ತಪ್ಪಿತು. ಗಾಡಿ ನ್ಯೂಟ್ರಲ್ಲಿನಾಗ ನಿಂತು, ಹಿಂದಕ್ಕ ಜಾರಾಕ ಹತ್ತಿತು. ಬ್ರೇಕ್ ಒತ್ತೀನಿ, ಗಾಳಿ ಸಾಲವಲ್ದು. 'ಕಲ್ಲ ಕೊಡೋ' ಅಂತ ಒದರಿದೆ. ಕ್ಲೀನರ್ ಹುಡುಗ ಹದಿನೈದು ವರ್ಷದಾಂವ, ಬಾಗಲದಾಗ ಕಲ್ಲ ಹಿಡಕೊಂಡನ ನಿಂತಿರ್ತಿದ್ದ. ಜಿಗದಾ, ಹಿಂದಿನ ಗಾಲಿಗೆ ಕೊಟ್ಟಾ. ಗಾಡಿ ಆ ಕಲ್ಲಿನ ಮ್ಯಾಲ ಅರ್ಧ ಏರಿ ನಿಂತಿತು. ಅಂವನ ಕೈಗೂ ಗಾಲಿಗೂ ನಡಕ ಒಂದ ಗೇಣೂ ಇದ್ದಿಲ್ಲ.

ತಪ್ಪು ಗಾಡಿದಲ್ಲ, ನಂದು. ಆದರ ಒಂದ ತಪ್ಪಿಗೆ ಹುಡುಗನ ಕೈ ಹೋಗಬೇಕೇನು? ನನಗ ನಿಮ್ಮ ಮಜಾ ತಿಳಿಯೂದಿಲ್ಲಪಾ.

ಬ್ಯಾಡಗಿ ಕಡ್ಡಿ
ಕಾಕಾ, ನಿಮ್ಮ ಅನುಭವಕ್ಕ ದೊಡ್ಡ ನಮಸ್ಕಾರ. ಆದರ ಆ ಕಷ್ಟನ ನಿಮ್ಮನ್ನ ಡ್ರೈವರ್ ಮಾಡಿತಲ್ಲ? ನಮ್ಮ ಕಾಕಾನ ಗಾಡಿಯೊಳಗ ಒಬ್ಬ ಡ್ರೈವರ್ ಇದ್ದ. ಎಂಜಿನ್ ಸಪ್ಪಳ ಕೇಳಿನ ಎಷ್ಟ ಓಡಾಕ ಹತ್ತೈತಿ ಅಂತ ಹೇಳ್ತಿದ್ದ, ಮೀಟರ್ ಕೆಟ್ಟು ವರ್ಷಗಟ್ಲೆ ಆಗಿತ್ತು. ಇಳಿಜಾರಿನಾಗ ನ್ಯೂಟ್ರಲ್ಲಿಗೆ ಹಾಕಿ ಸುಮ್ನ ಬಿಟ್ಟಬಿಡ್ತಿದ್ದ, ಗಾಳಿ ಸಪ್ಪಳ ಬಿಟ್ಟರ ಏನೂ ಇಲ್ಲ, ಡೀಸೆಲ್ ಉಳಿತಾಯ. ಈಗಿನ ಹುಡುಗರು ಮೊಬೈಲ್ ಮ್ಯಾಪ್ ಬಂದ್ ಆದ್ರ ಶಿಗ್ಗಾಂವಿಗೆ ಹೋಗಾಕ ದಾರಿ ಕೇಳ್ತಾರ. ಏಸಿಯೊಳಗ ನಿದ್ದಿ ಬರ್ತೈತಿ ಅಷ್ಟ.

ಎಡಗಾಲು
ನ್ಯೂಟ್ರಲ್! ಅದನ್ನ ಜಂಬ ಅಂತ ಬರದಿಯಲ್ಲೋ ತಮ್ಮಾ.

ಹತ್ತಿದ ಗೇರಿನಾಗನ ಇಳೀಬೇಕು. ಇದು ನನಗ ನನ್ನ ಉಸ್ತಾದ್ ಕಿವಿ ಹಿಂಡಿ ಕಲಿಸಿದ್ದು. ಗೇರಿನಾಗ ಇದ್ರ ಎಂಜಿನ್ ಗಾಡಿಯನ್ನ ಹಿಡಕೊಂಡಿರ್ತೈತಿ. ನ್ಯೂಟ್ರಲ್ಲಿಗೆ ಹಾಕಿದ್ರ ಪೂರಾ ಭಾರ ಬ್ರೇಕ್ ಮ್ಯಾಲ. ಬ್ರೇಕ್ ಲೈನರ್ ಕಾದು ಹೊಗಿ ಬರ್ತೈತಿ, ಆಮ್ಯಾಲ ಕಾಲ ಎಷ್ಟ ಒತ್ತಿದ್ರೂ ಗಾಡಿ ಕೇಳೂದಿಲ್ಲ. ಓಟ ಏರಿದ ಮ್ಯಾಲ ಆ ಗೇರ್‌ಪೆಟ್ಟಿಗಿಗೆ ವಾಪಸ್ ಗೇರ್ ಬೀಳೂದೂ ಇಲ್ಲ. ನಿಮ್ಮ ಕಾಕಾನ ಡ್ರೈವರ್ ಉಳಿಸಿದ ಡೀಸೆಲ್ ರೊಕ್ಕ ಯಾರ ಕಿಸೆಕ್ಕ ಹೋತು? ನಿಮ್ಮ ಕಾಕಾಂದಕ್ಕ. ಬಿದ್ದಿದ್ರ ಯಾರ ಬೀಳ್ತಿದ್ರು?

ಬ್ಯಾಡಗಿ ಕಡ್ಡಿ
ಸಿಟ್ಟಾಗಬ್ಯಾಡ್ರಿ ಕಾಕಾ. ನ್ಯೂಟ್ರಲ್ ಮಾತು ವಾಪಸ್ ತಗೊಂಡೆ. ಉಳಿದದ್ದು ತಗೊಳ್ಳೂದಿಲ್ಲ.

ಕೆಲಗೇರಿ ಮಾಸ್ತರ
ಚರ್ಚೆ ಬಿಸಿಯಾಗಿದೆ, ಕಾನೂನಿನ ಒಂದೆರಡು ವಿಷಯ ಹೇಳಿ ತಣ್ಣಗೆ ಮಾಡುತ್ತೇನೆ.

ವಿಂಟೇಜ್ ವಾಹನಗಳ ಬಗ್ಗೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಆದರೆ ಅದು ಸ್ವಂತಕ್ಕೆ ಇಟ್ಟುಕೊಂಡ ಎರಡು ಮತ್ತು ನಾಲ್ಕು ಚಕ್ರದ ವಾಹನಗಳ ಮಾತು. ನಮ್ಮ ಹುಡುಗನ ಲಾರಿಗೆ ಆರು ಚಕ್ರ, ಅದರ ಜನ್ಮವೇ ಬಾಡಿಗೆಗೆ. ಆದ್ದರಿಂದ 'ವಿಂಟೇಜ್ ಮಾಡಿಸ್ತೀನಿ' ಎಂದು ಯಾರಾದರೂ ಏಜೆಂಟರು ಬಂದರೆ ದುಡ್ಡು ಕೊಡುವ ಮೊದಲು ಆರ್‌ಟಿಓ ಕಚೇರಿಗೆ ನೀವೇ ಹೋಗಿ ಕೇಳಿ.

ಗುಜರಿಗೆ ಕೊಡುವುದಾದರೂ ಹಾಗೇ ಎಳೆದುಕೊಂಡು ಹೋಗಲು ಬಿಡಬೇಡಿ. ಮೊದಲು ತೆರಿಗೆ ಬಾಕಿ ಇದೆಯೇ ನೋಡಿ, ನೋಂದಣಿ ರದ್ದು ಮಾಡಿಸಿ. ಚಾಸಿ ನಂಬರ್ ಇರುವ ತುಂಡು ಕತ್ತರಿಸಿ ಕೊಡಬೇಕಾಗುತ್ತದೆ. ಕಾಗದದ ಮೇಲೆ ಲಾರಿ ಬದುಕಿದ್ದರೆ ನಾಳೆ ಅದರ ಹೆಸರಿನ ಪಾಪವೆಲ್ಲ ನಿಮ್ಮ ತಂದೆಯವರ ತಲೆಗೆ.

ಇನ್ನು ಏಸಿ ಬಗ್ಗೆ ಕಡ್ಡಿಯವರು ಹಗುರವಾಗಿ ಬರೆದಿದ್ದಾರೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಮತ್ತು ಮಧ್ಯಮ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯ. ಅದು ಶೋಕಿಯಲ್ಲ. ನಮ್ಮ ತರಗತಿಯಲ್ಲಿ ಫ್ಯಾನ್ ಕೆಟ್ಟರೆ ಮಧ್ಯಾಹ್ನದ ಪಾಠ ಯಾರ ತಲೆಗೂ ಹೋಗುವುದಿಲ್ಲ. ಕಾದ ತಗಡಿನ ಪಕ್ಕ ಕೂತವನ ತಲೆ ಹದಿನಾಲ್ಕು ತಾಸು ಹೇಗೆ ಓಡಬೇಕು?

ಗೋಕುಲ ರೋಡ್ ಫಿಟ್ಟರ್
ಮಾಸ್ತರ ಹೇಳಿದ್ದು ಬರೋಬ್ಬರಿ. ಇನ್ನ ರಿಪೇರಿ ಮಾತು.

ಹನ್ನೊಂದು ವರ್ಷ ನಿಂತ ಎಂಜಿನ್ನಿಗೆ ಸೆಲ್ಫ್ ಹೊಡಿಯಾಕ ಹೋಗಬ್ಯಾಡ್ರಿ. ಮೊದಲ ಆಯಿಲ್ ಇಳಿಸಿ ನೋಡ್ರಿ, ನೀರ ಕೂಡಿದ್ರ ಹಾಲಿನಂಗ ಬೆಳ್ಳಗ ಬರ್ತೈತಿ. ಇಂಜೆಕ್ಟರ್ ಬಿಚ್ಚಿ, ಒಂದೊಂದ ಸಿಲಿಂಡರಿಗೆ ಚೂರ ಆಯಿಲ್ ಬಿಟ್ಟು ಎರಡ ದಿನ ಬಿಡ್ರಿ. ಆಮ್ಯಾಲ ಕೈಲೆ ತಿರವ್ರಿ, ತಿರಗಿದ್ರ ಪುಣ್ಯ. ಟ್ಯಾಂಕ್ ತೊಳೀರಿ. ಡೀಸೆಲ್ ಲೈನಿನಾಗ ಗಾಳಿ ಹಿಡದಿರ್ತೈತಿ. ಫೀಡ್ ಪಂಪಿನ ಬಾಜೂಕ ಒತ್ತೋ ಗುಂಡಿ ಐತಲ್ಲ, ಅದನ್ನ ಹೊಡಕೋತ ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡ್ಲ ಮಾಡ್ರಿ. ಮೊದಲ ಬುರುಗು ಬರ್ತೈತಿ, ಬುಳುಬುಳು ಅಂತ. ಬುರುಗು ನಿಂತು ಡೀಸೆಲ್ ಒಂದ ಧಾರಿಯಾಗಿ ಬಂದ ಮ್ಯಾಲ ಬಿಗೀರಿ. ಈ ಬುರುಗು ನೋಡಕೋತ ಕುಂತಾಗ ಸಿಗೋ ಖುಷಿ ನನಗ ಲ್ಯಾಪ್‌ಟಾಪಿನಾಗ ಸಿಕ್ಕಿಲ್ಲ, ಅದನ್ನ ಒಪ್ಕೊಂತೀನಿ.

ಆದರ ಖರ್ಚು? ರಬ್ಬರ್ ಅನ್ನೂದೆಲ್ಲಾ ಹೋಗಿರ್ತೈತಿ, ಬ್ರೇಕ್ ಪೂರಾ ಹೊಸದಾಗಿ ಮಾಡಬೇಕು, ಆರ ಟಾಯರ್, ಮ್ಯಾಲೊಂದು ಸ್ಟೆಪ್ನಿ. ಕಟಗಿ ಬಾಡಿ ಗೆದ್ದಲ ತಿಂದಿರ್ತೈತಿ. ಅದನ್ನ ಕಟ್ಟೋ ಬಡಿಗೇರು ಈಗ ಸೋಫಾ ಮಾಡಾಕ ಹತ್ಯಾರ.

ಹಾವೇರಿ ಹಳೇ ಸ್ಟ್ಯಾಂಡ್
ಹಂಗಂದ್ರ ಎಲ್ಲಾರೂ ಮಾರು ಅನ್ನಾಕ ಹತ್ತೀರಿ. ಒಂದ ಲಾರಿ ಅಂದ್ರ ಸಣ್ಣದಲ್ರಿ. ವಿಆರ್‌ಎಲ್ ಲಾರಿ ಕಂಪನಿಯ ವಿಜಯ ಸಂಕೇಶ್ವರ ಅವರು 1976ರಾಗ ಗದಗಿನಾಗ ಒಂದ ಲಾರಿಯಿಂದ ಶುರು ಮಾಡಿದವರು. ಆ ಕಾಲದ ಒಂದ ಲಾರಿಯಾಗ ಏನೇನ ಇತ್ತು ನೋಡ್ರಿ.

ಬೆಟಗೇರಿ ಅಕ್ಕ
ಹೌದ್ರಿ, ಒಂದ ಲಾರಿಯಿಂದ ಮ್ಯಾಲ ಬಂದವರ ಹೆಸರು ಎಲ್ಲಾರಿಗೂ ಗೊತ್ತು. ಒಂದ ಲಾರಿಗೆ ಸಾಲ ಮಾಡಿ, ಕಂತು ಕಟ್ಟಾಕ ಆಗದ ಗಾಡಿ ಬಿಟ್ಟು ಬಂದವರ ಹೆಸರು ಅವರ ಓಣ್ಯಾಗ ಬಿಟ್ರ ಯಾರಿಗೂ ಗೊತ್ತಿಲ್ಲ. ನಮ್ಮಪ್ಪ ಅಂಥಾಂವ. ಆಮ್ಯಾಲ ಇನ್ನೊಬ್ಬರ ಗಾಡಿ ಹೊಡದ.

ನಾನು ಇಲ್ಲೀತನಕ ಸುಮ್ನ ಓದಾಕ ಹತ್ತಿದ್ದೆ. ಮಜಾ, ಸಪ್ಪಳ, ಗೇರು ಎಲ್ಲಾ ಬಂತು. ಮನ್ಯಾಗಿದ್ದವರ ಮಾತು ಬರಲಿಲ್ಲ. ಅಪ್ಪ ಹೋದ್ರ ಯಾವಾಗ ಬರ್ತಾನ ಗೊತ್ತಿರತಿದ್ದಿಲ್ಲ. ಫೋನ್ ಇದ್ದಿಲ್ಲ. ಲಾರಿಗೆ ಲೋಡ್ ಕೊಡಿಸೋ ಹುಂಡೇಕಾರಿ ಆಫೀಸಿಗೆ ಹೋಗಿ 'ನಮ್ಮ ಗಾಡಿ ಸುದ್ದಿ ಏನರ ಬಂತೇನ್ರಿ' ಅಂತ ಕೇಳಕೊಂಡು ಬರಾಕ ಅವ್ವ ನನ್ನ ಕಳಿಸತಿದ್ಲು. ನನಗ ಹತ್ತು ವರ್ಷ. ಆ ಕಟ್ಟಿ ಮ್ಯಾಲ ಕುಂತ ಗಂಡಸರು 'ಬರ್ತಾನ ಹೋಗವಾ' ಅಂತಿದ್ರು. ಬಂದ ದಿನ ಅಂಗಿ ತೊಳದ ನೀರು ಮೂರ ಸಲ ಕರ್ರಗ. ಮೆಣಸಿನಕಾಯಿ ಲೋಡ್ ತಂದಿದ್ರ ಆ ಅಂಗಿ ಮುಟ್ಟಿದ ಕೈ ಕಣ್ಣಿಗೆ ಹಚ್ಚೂಹಂಗಿಲ್ಲ. (ಬ್ಯಾಡಗಿ ಕಾಯಿ ಖಾರ ಕಡಿಮಿ, ಬಣ್ಣ ಜಾಸ್ತಿ ಅಂತ ಕಡ್ಡಿ ಅಣ್ಣಾರು ಹೇಳಬಹುದು. ನೀವು ಆ ಅಂಗಿ ತೊಳದಿಲ್ಲ.)

ಹಂಗಂತ ನನಗ ಲಾರಿ ಕಂಡ್ರ ದ್ವೇಷ ಇಲ್ಲ. ಖಂಡೇ ಪೂಜಿ ದಿನ ಬಾಳಿಕಂಬ ಕಟ್ಟಿ, ಸಿದ್ಧಾರೂಢರ ಫೋಟೋಕ್ಕ ಹಾರ ಹಾಕಿ, ಓಣಿ ಹುಡುಗರನ್ನೆಲ್ಲಾ ಹತ್ತಿಸಿಕೊಂಡು ಒಂದ ಸುತ್ತ ಹಾಕ್ತಿದ್ದ ಅಪ್ಪ. ಆ ಒಂದ ದಿನ ಅಂವ ಮಾಲಕನಂಗ ಕಾಣತಿದ್ದ.

ಅಣ್ಣಿಗೇರಿ ಅಣ್ಣಾರ, ಒಂದ ಕೇಳ್ತೀನಿ. ನಿಮ್ಮಪ್ಪಾರು ಅದಾರಲ್ಲ? ಅವರನ್ನ ಕೇಳಿರೇನು?

ತಾರಿಹಾಳ ಟ್ರೇಲರ್
ಅಕ್ಕಾರ ಪ್ರಶ್ನಿಗೆ ನನ್ನದೂ ಒಂದ ಓಟು.

ಬ್ಯಾಡಗಿ ಕಡ್ಡಿ
ಅಕ್ಕಾರ, ಅಂಗಿ ಮಾತು ಒಪ್ಪಿದೆ. ಚೀಲದ ಮ್ಯಾಲ ಮಲಗಿದ ಕ್ಲೀನರ್ ರಾತ್ರಿ ಎಲ್ಲಾ ಸೀನತಿದ್ದ, ಅದನ್ನ ನಾನೂ ಕಂಡೀನಿ. ಆದರೂ ನನಗ ಆ ಲಾರಿ ಬೇಕು ಅನಸ್ತೈತಿ. ಕಾರಣ ಕೇಳಬ್ಯಾಡ್ರಿ.

ಎಡಗಾಲು
ಇದು ಚಲೋ ಮಾತು ತಮ್ಮಾ. ಬೇಕು ಅನಸ್ತೈತಿ ಅಂದ್ರ ನನ್ನ ತಕರಾರಿಲ್ಲ. ನನಗೂ ಒಮ್ಮೊಮ್ಮೆ ರಾತ್ರಿ ನಿದ್ದಿಯಾಗ ಎಡಗಾಲು ಕ್ಲಚ್ ಒತ್ತತೈತಿ, ನಮ್ಮಾಕಿ ಬೈತಾಳ. ಬೇಕಾದ್ರ ಬೇಕು ಅನ್ರಿ. ಅದ ಚಲೋ ಇತ್ತು, ಈಗಿನ ಹುಡುಗರು ಡ್ರೈವರಲ್ಲ ಅನಬ್ಯಾಡ್ರಿ. ನನ್ನ ಮಗ ಹೊಸಾ ಗಾಡಿ ಹೊಡಿತಾನ. ಮನಿಗೆ ಬಂದಾಗ ಅಂವನ ಜೋಡಿ ಮಾತಾಡಾಕ ಬರ್ತೈತಿ. ನಾ ಬಂದಾಗ ಎರಡ ದಿನ ಕಿವಿಯಾಗ ಎಂಜಿನ್ನ ಓಡತಿತ್ತು, ಹೆಂಡ್ತಿ ಮಕ್ಕಳು ಹೇಳಿದ್ದ ಕೇಳಸತಿದ್ದಿಲ್ಲ.

ಗೋಕುಲ ರೋಡ್ ಫಿಟ್ಟರ್
ಹುಡುಗಾ, ಆರ್‌ಸಿ ಸಿಕ್ಕಿತೇನ್ರಿ?

ಅಣ್ಣಿಗೇರಿ ಹುಡುಗ
ಸಿಕ್ಕಿತು. ಎರಡ ದಿನ ಉತ್ತರ ಕೊಡಾಕ ಆಗಲಿಲ್ಲ, ಮಾಫ್ ಮಾಡ್ರಿ.

ಫಿಟ್ಟರ್ ಅಣ್ಣಾರು ಗೆದ್ರು. 1972 ಅಲ್ಲ, 1974. ಟೆಲ್ಕೊ ಅಂತ ಐತಿ, 1210 ಮಾಡೆಲ್. ನಕ್ಷತ್ರದ ಮಾತು ಅಪ್ಪಾರನ್ನ ಕೇಳಿದೆ. ಹುಬ್ಬಳ್ಳಿಯಾಗ ಯಾವುದೋ ಹಳೇ ಗಾಡಿ ಮುರಿಯೋ ಮುಂದ ಬಿಚ್ಚಿಸಿಕೊಂಡು ಬಂದು ಹಾಕ್ಸಿದ್ದಂತ. 'ಯಾಕ' ಅಂದೆ. 'ಅದು ಇದ್ರ ಹುಂಡೇಕಾರಿ ಮುಂದ ಬಾಡಗಿ ನಾಕು ರೂಪಾಯಿ ಜಾಸ್ತಿ ಕೇಳಾಕ ಬರ್ತಿತ್ತು' ಅಂದ್ರು.

ಅಕ್ಕಾರ, ನೀವು ಹೇಳಿದಂಗ ಮಾರೂದೋ ಬ್ಯಾಡೋ ಅದನ್ನೂ ಕೇಳಿದೆ. ನಾ ಅಂದ್ಕೊಂಡಿದ್ದೆ, ಅಪ್ಪಾರು ಕಣ್ಣಾಗ ನೀರ ತರ್ತಾರಂತ. ಅವರು ಪೇಪರ್ ಕೆಳಗೂ ಇಳಸಲಿಲ್ಲ. 'ಮಾರು. ಜ್ಯಾಕ್ ಇಟ್ಕೊ, ಟ್ರ್ಯಾಕ್ಟರಿಗೆ ಬರ್ತೈತಿ' ಅಂದ್ರು. ನಾ ಬಿಡಲಿಲ್ಲ. ಖಂಬಾಟ್ಕಿ ಘಾಟಿನ ಸಪ್ಪಳ, ಕೌದಿ, ಎಲ್ಲಾ ಹೇಳಿದೆ, ಎಷ್ಟ ಚಂದ ಇತ್ತಲ್ಲಪಾ ಅಂದೆ. ಪೇಪರ್ ಮಡಚಿ ಇಟ್ಟು ನನ್ನ ಮಾರಿ ನೋಡಿ ಅಂದ್ರು: 'ನೀ ಮಲಗಿದ್ದಿ. ಘಾಟ್ ಹತ್ತಿಸಿದಾಂವ ನಾ.'

ಎಡಗಾಲು
ನಿಮ್ಮಪ್ಪಾರಿಗೆ ನನ್ನ ಶರಣು ಹೇಳು ತಮ್ಮಾ.

ಬ್ಯಾಡಗಿ ಕಡ್ಡಿ
ಏನ್ ಹೊಡದಾರಪಾ ಡೈಲಾಗು. ನಾ ಸೋತೆ. ಹಂಗಾರ ಗುಜರಿ ಖಾಯಂ?

ಗೋಕುಲ ರೋಡ್ ಫಿಟ್ಟರ್
ಕಿಲೋ ಲೆಕ್ಕದಾಗ ಕೊಡಬ್ಯಾಡ್ರಿ. ಫೀಡ್ ಪಂಪು, ಸ್ಟೇರಿಂಗ್ ಪೆಟ್ಟಿಗಿ, ಹೌಸಿಂಗ್ ಬಿಚ್ಚಿ ಕೊಟ್ರ ನಾನ ತಗೊಂತೀನಿ. ನಕ್ಷತ್ರಕ್ಕೂ ಗಿರಾಕಿ ಅದಾರ, ಬೆಂಗಳೂರಾಗ.

ಅಣ್ಣಿಗೇರಿ ಹುಡುಗ
ನಕ್ಷತ್ರ ಕೊಡಂಗಿಲ್ರಿ, ಅದನ್ನ ನಿನ್ನೇನ ಬಿಚ್ಚಿ ಒಳಗ ಇಟ್ಟೀನಿ. ಉಳಿದದ್ದು ಬಂದು ನೋಡ್ರಿ. ಆದರ ಈ ವಾರ ಬರಬ್ಯಾಡ್ರಿ. ಡ್ರೈವರ್ ಸೀಟಿನ ಮ್ಯಾಲ ಒಂದ ಕೋಳಿ ಕಾವಿಗೆ ಕುಂತೈತಿ. ಮರಿ ಹೊರಗ ಬರೂತನಕ, ಇಪ್ಪತ್ತೊಂದ ದಿನ, ಗಾಡಿಗೆ ಯಾರೂ ಕೈ ಹಚ್ಚಂಗಿಲ್ಲ ಅಂತ ಅವ್ವ ಹೇಳ್ಯಾಳ. ಅಣ್ಣ ಶೆಡ್ಡಿನ ತಗಡ ತಂದು ಗ್ವಾಡಿಗೆ ಆನಿಸಿ ಇಟ್ಟು ಕಾಯಾಕ ಹತ್ಯಾನ.